ಡ್ರೆಸ್ಸಿಂಗ್ ರೂಮಿನ ಬ್ರದರ್‌ಗೆ

ಶಿವಮೊಗ್ಗದಲ್ಲಿ ನನ್ನ ಎದೆಯ ಆಪರೇಷನ್ ಆದಾಗ ಡ್ರೆಸ್ಸಿಂಗ್ ರೂಮಿನಲ್ಲಿದ್ದ ಬ್ರದರ್, ಈ ನಾಲ್ಕು ಮಾತು ನಿಮಗೆ.

ಹಾರ್ಮೋನಿನ ಏರುಪೇರಿನಿಂದ ಹರೆಯದಲ್ಲಿ ಹುಡುಗರ ಎದೆ ಉಬ್ಬುವುದುಂಟು. ಹೆಚ್ಚಿನವರಿಗೆ 2 ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ, ನನಗೆ ಇಳಿಯಲಿಲ್ಲ. ಗೆಳೆಯರು ಅಂಗಿ ಬಿಚ್ಚಿ ತುಂಗೆಗೆ ಹಾರುವಾಗ ನಾನು ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದೆ. ಡಾಕ್ಟರು ಕೆಲವೇ ಮಿಲಿಮೀಟರ್ ತೂತಿನಿಂದ ಕೊಬ್ಬು ಹೀರಿ, ಮೊಲೆತೊಟ್ಟಿನ ಕಪ್ಪು ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗಟ್ಟಿ ಗ್ರಂಥಿ ತೆಗೆದರು. ಅವರ ಕೈಚಳಕಕ್ಕೆ ಫೀಸು ಸಂದಿದೆ. ನಿಮಗೆ ಸಂದದ್ದೇನೂ ಇಲ್ಲ.

ಬಾಗಿಲಲ್ಲಿ ಇಣುಕುತ್ತಿದ್ದವರನ್ನು ಕಳಿಸಿ ನೀವು ಮೊದಲು ಪರದೆ ಎಳೆದಿರಿ. 'ನಾಚ್ಕೊಳ್ಳೋಕೆ ಏನಿದೆ ಮಾರಾಯ್ರೆ, ಎಷ್ಟೋ ಜನ ಬರ್ತಾರೆ' ಅಂದಿರಿ. ಕಂಕುಳು ಉಜ್ಜದಂತೆ ಒಳಗೆ ತೆಳು ಹತ್ತಿ ಬನಿಯನ್ ಹಾಕಿಸಿ, ಆಪರೇಷನ್ ಆದ ಎದೆ ಊದದಂತೆ ಒತ್ತಿ ಹಿಡಿಯುವ ಬಿಗಿ ಜಾಕೆಟ್ಟಿನ ಕೊಕ್ಕೆಗಳನ್ನು ಕೆಳಗಿನಿಂದ ಒಂದೊಂದಾಗಿ ಸಿಕ್ಕಿಸಿದಿರಿ. ಊರು ಆಗುಂಬೆ ಕಡೆ ಎಂದಾಗ, 'ಹಾಗಾದ್ರೆ 2 ಜಾಕೆಟ್ ಇಟ್ಕೊಳ್ಳಿ, ಹಸಿ ಇದ್ದದ್ದು ಹಾಕ್ಬೇಡಿ' ಎಂದಿರಿ. ಡಿಸ್ಚಾರ್ಜ್ ಚೀಟಿಯಲ್ಲಿ ಈ ಮಾತು ಇರಲೇ ಇಲ್ಲ! ಅಲ್ಲಿದ್ದದ್ದು ವಾರಗಟ್ಟಲೆ ಹಾಕಬೇಕು ಎಂದಷ್ಟೇ. ಜಡಿಮಳೆಯಲ್ಲಿ ಅಮ್ಮ ಒಂದನ್ನು ಬಚ್ಚಲೊಲೆಯ ಮೇಲಿನ ತಂತಿಗೆ ಹಾಕಿ ಒಣಗಿಸುವಾಗ ಇನ್ನೊಂದು ನನ್ನ ಮೈಮೇಲೆ.

ತುಂಬಾ ಉಪಕಾರವಾಯ್ತು ಬ್ರದರ್. ನಮ್ಮ ಕಡೆ ಬಂದರೆ ಊಟ ಮಾಡದೆ ಹೋಗಬೇಡಿ.