ತಟ್ಟೆಯ ಎಡಗಡೆ

ತುಮಕೂರು

ಪ್ರೀತಿಯ ಮಗೂ,

ನಿನ್ನ ಹಸ್ತಪ್ರತಿ ಓದಿದೆ. ಕಾಗುಣಿತ, ಪ್ರಕಾಶಕರು, ಮುನ್ನುಡಿ ಅಂತೆಲ್ಲ ಕೇಳಿದ್ದೀಯ. ಅವೆಲ್ಲ ಆಮೇಲೆ.

ನೋಟ ಮತ್ತು ಅರಿವಿನ ಬಗ್ಗೆ 40 ಪುಟ ಬರೆದಿದ್ದೀಯ. ಕಣ್ಣು ಕ್ಯಾಮೆರಾ, ಮೆದುಳು ಕಂಪ್ಯೂಟರ್. ಇದು ನಿನ್ನ ಮಾತಲ್ಲ ಕಣಮ್ಮಾ, ಎಲ್ಲೋ ಓದಿದ್ದು. 11ನೇ ಪುಟ ಮಾತ್ರ ದಾಟಲು ನನ್ನಿಂದ ಆಗಲಿಲ್ಲ. ಲಕ್ವ ಹೊಡೆದ ಮೇಲೆ ನಿಮ್ಮ ತಾತ ತಟ್ಟೆಯ ಬಲಗಡೆಯ ಮುದ್ದೆ, ಬಸ್ಸಾರು ಉಣ್ಣುತ್ತಾರೆ. ಎಡಗಡೆಯ ಪಲ್ಯ ಹಾಗೇ ಉಳಿಯುತ್ತದೆ. ಪಲ್ಯ ಹಾಕಲೇ ಇಲ್ಲ ಅಂತ ಅಜ್ಜಿಯ ಮೇಲೆ ರೇಗುತ್ತಾರೆ. ಇಷ್ಟು ಬರೆದು ಮತ್ತೆ ಕ್ಯಾಮೆರಾದ ಹಿಂದೆ ಓಡಿದ್ದೀಯ. ಯಾಕಮ್ಮಾ?

ನಿನ್ನ ಪುಸ್ತಕವೆಲ್ಲ ಆ ತಟ್ಟೆಯಲ್ಲೇ ಇತ್ತು. ಕಣ್ಣು ಚೆನ್ನಾಗಿದ್ದರೂ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ಹೀಗಾಗಬಹುದು. ಎಡಗಡೆ ಕತ್ತಲೆ ಕಾಣುತ್ತದೆ ಅಂತಲ್ಲ. ಎಡ ಅನ್ನುವುದೇ ಇರುವುದಿಲ್ಲ. ಏನೋ ತಪ್ಪಿಹೋಗಿದೆ ಅಂತಲೂ ಅನ್ನಿಸುವುದಿಲ್ಲ. 1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟಿ ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದರು. ಮಿಲಾನ್ ನಗರದ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ನೆನೆಸಿಕೊಂಡು ಹೇಳಿ ಅಂದರು. ಚರ್ಚಿಗೆ ಮುಖ ಮಾಡಿ ನಿಂತ ಹಾಗೆ ಊಹಿಸಿದಾಗ ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಚರ್ಚಿನ ಬಾಗಿಲಿಂದ ಈಚೆ ನೋಡುವ ಹಾಗೆ ಊಹಿಸಿ ಅಂದರೆ, ಮೊದಲು ಬಿಟ್ಟಿದ್ದ, ಈಗ ಬಲಗಡೆಯಾದ ಕಟ್ಟಡಗಳು ಮಾತಿಗೆ ಬಂದವು! ನೆನಪು ಒಳಗೇ ಇತ್ತು. ಅರಿವಿಗೆ ಬರುತ್ತಿರಲಿಲ್ಲ, ಅಷ್ಟೇ.

ನಾನೂ ಈ ತಪ್ಪು ಮಾಡಿದವನು. ಅಮ್ಮನ ಕಣ್ಣಿನ ಪೊರೆ ತೆಗೆಸಿದಾಗ, ಅವಳ ಲೋಕ ಬೆಳಗಿತು ಅಂತ ಲೇಖನ ಬರೆದೆ. ಜನ ಹೊಗಳಿದರು, ಸುಮ್ನೆ ಉಬ್ಬಿಹೋದೆ. ಅಮ್ಮ ನಿಜವಾಗಿ ಕೇಳಿದ್ದು, ‘ಈ ಸೀರೆ ಇಷ್ಟೊಂದು ನೀಲೀನಾ?’ ಅಂತ. ಹಳದಿಗಟ್ಟಿದ ಪೊರೆ ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಅವಳಿರಲಿಲ್ಲ. ಬೇರೆ ಏನೇನು ಹೊಸದಾಗಿ ಕಂಡಿತ್ತೋ. ನಾನು ಕೇಳಲೇ ಇಲ್ಲ.

ತಾತ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ 30 ವರ್ಷ ಕೂತವರು ಅಲ್ವಾ? ಮಂಡಿಯ ಗೇಟಿನಿಂದ ಒಳಗೆ ಹೋಗುವಾಗ ಯಾರ್ಯಾರ ಅಂಗಡಿ ಸಿಗುತ್ತಿತ್ತು ಅಂತ ಕೇಳು. ಇನ್ನೊಂದು ದಿನ, ಒಳಗಿಂದ ಗೇಟಿಗೆ ಬರುವಾಗ ಯಾರದು ಅಂತ ಕೇಳು. ಪರೀಕ್ಷೆ ಮಾಡುವ ಹಾಗೆ ಬೇಡ, ಅವರಿಗೆ ನೋವಾಗುತ್ತದೆ. ಕತೆ ಕೇಳುವ ಹಾಗೆ ಕೇಳು. ಹೇಳಿದ್ದನ್ನು ತಿದ್ದದೆ ಬರೆದು ನನಗೆ ಕಳಿಸು.

ಅಜ್ಜಿಗೂ ಹೇಳು, ಅರ್ಧ ಊಟವಾದ ಮೇಲೆ ತಟ್ಟೆ ತಿರುಗಿಸಿ ಇಡಲಿ. ಪಲ್ಯ ಅವರ ಬಲಗಡೆಗೆ ಬರುತ್ತದೆ.

ನಿನ್ನ
ಮೇಷ್ಟ್ರು