ಹೆಸರು ಗೊತ್ತಿಲ್ಲದ ನನ್ನ ಅಕ್ಕಂದಿರಿಗೆ

ಅಸ್ಸಲಾಮು ಅಲೈಕುಮ್.

ಈ ಬರಹ ಯಾರಿಗೆ ಮುಟ್ಟಬೇಕೋ ಅವರ ಹೆಸರು, ಊರು ಯಾವುದೂ ನನಗೆ ಗೊತ್ತಿಲ್ಲ. ಅವರಿಗೂ ನಾನು ಯಾರೆಂದು ಗೊತ್ತಿಲ್ಲ. ಗಂಡನನ್ನು ಕಳಕೊಂಡ ಹೆಂಗಸರ ನಮ್ಮ ಟೆಲಿಗ್ರಾಂ ಗುಂಪಿನೊಳಗೆ ಅವರಿಗೆ ಧನ್ಯವಾದ ಹೇಳಿಯಾಗಿದೆ. ಆದರೂ ನಾಲ್ಕು ಜನ ಓದುವ ಕಡೆ ಹೇಳಬೇಕು ಅನ್ನಿಸಿತು. ಗಂಡನನ್ನು ಕಳಕೊಂಡು, ಇದ್ದತ್‌ನಲ್ಲಿ (ಗಂಡ ತೀರಿಕೊಂಡ ಮೇಲೆ ವಿಧವೆ ಮನೆಯಲ್ಲಿ ಕಳೆಯುವ ಅವಧಿಯಲ್ಲಿ) ಕೂತು, ನಿದ್ದೆ ಬಾರದೆ ಬೆಳಗು ಮಾಡುತ್ತಿರುವ ಹೆಣ್ಣುಮಗಳು ಇವತ್ತೂ ಯಾವುದೋ ಮನೆಯಲ್ಲಿ ಇದ್ದೇ ಇರುತ್ತಾಳೆ. ಇಂಥದ್ದೊಂದು ಆಸರೆ ಇದೆ ಅಂತ ಅವಳ ಕಿವಿಗೂ ಬೀಳಲಿ.

ನಮ್ಮ ಯಜಮಾನರು ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಮನೆಯವರು, ಮೊಹಲ್ಲಾದವರು ಕೈಬಿಡಲಿಲ್ಲ. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡದೆ ಅಕ್ಕಪಕ್ಕದವರೇ ಊಟ ತಂದರು. ಬಂದವರೆಲ್ಲ ತಲೆ ನೇವರಿಸಿ "ಸಬರ್ ಕರೋ ಬೇಟಿ" (ತಾಳ್ಮೆ ತಂದುಕೋ ಮಗಳೇ) ಅಂದರು. ಒಳ್ಳೆಯ ಮಾತೇ. ಆದರೆ ಅದನ್ನು ಕೇಳಿದ ಮೇಲೆ ನಾನು ಬಾಯಿ ತೆರೆಯುವುದು ಹೇಗೆ? ಯಜಮಾನರು ಹೇಳದೆ ಮಾಡಿಟ್ಟ ಸಾಲ ನೆನೆದು ಸತ್ತವರ ಮೇಲೆ ಸಿಟ್ಟು ಬರುತ್ತಿತ್ತು. ನಮಾಜಿಗೆ ನಿಂತರೆ ಚಿಕ್ಕಂದಿನಿಂದ ಬಾಯಿಪಾಠ ಇದ್ದ ಸೂರಾ ಅರ್ಧಕ್ಕೇ ಮರೆತುಹೋಗುತ್ತಿತ್ತು. ಇದನ್ನೆಲ್ಲ ಮಗನನ್ನು ಕಳಕೊಂಡ ಅತ್ತೆಯ ಮುಂದೆ ಹೇಳಲಾಗದು, ಬಿಪಿ ಇರುವ ಅಮ್ಮಿಯ ಮುಂದೆ ಹೇಳಲಾಗದು. ಹೊರಗೆ ಯಾರಿಗಾದರೂ ಹೇಳಿದರೆ ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಇಡೀ ಗಲ್ಲಿಗೆ ಗೊತ್ತು.

ಆಗ ಚಿಕ್ಕಮ್ಮನ ಮಗಳು ಒಂದು ಟೆಲಿಗ್ರಾಂ ಗುಂಪಿಗೆ ಸೇರಿಸಿದಳು. ಅಲ್ಲಿರುವವರೆಲ್ಲ ನಮ್ಮ ಕರ್ನಾಟಕದ ಮುಸ್ಲಿಂ ಹೆಂಗಸರು, ಎಲ್ಲರೂ ಗಂಡನನ್ನು ಕಳಕೊಂಡವರು. ವಾಟ್ಸಾಪ್ ಗುಂಪಿನಲ್ಲಾದರೆ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ, ಟೆಲಿಗ್ರಾಂನಲ್ಲಿ ಅದನ್ನು ಮುಚ್ಚಿಡಬಹುದು. ಹೆಸರಿನ ಬದಲು ಅಡುಗೆಮನೆಯ ಯಾವುದಾದರೊಂದು ಸಾಮಾನಿನ ಹೆಸರಿಟ್ಟುಕೊಳ್ಳಬೇಕು. ಒಬ್ಬರು ಜೀರಿಗೆ, ಒಬ್ಬರು ಖರ್ಜೂರ, ನಾನು ಏಲಕ್ಕಿ. ಫೋಟೊ ಹಾಕುವಂತಿಲ್ಲ, ಊರು ಕೇಳುವಂತಿಲ್ಲ. ದನಿ ಗುರುತು ಸಿಗುತ್ತದೆ ಅಂತ ವಾಯ್ಸ್ ಮೆಸೇಜ್ ಕೂಡ ಇಲ್ಲ. ಹಣ ಕೇಳುವಂತಿಲ್ಲ, ಕೊಡುವಂತಿಲ್ಲ. ಕಷ್ಟ ಇದ್ದರೆ ಅವರವರ ಜಮಾತಿನ ಬೈತುಲ್ ಮಾಲ್ (ಬಡವರ ನೆರವಿನ ನಿಧಿ) ಕಡೆ ಕಳಿಸುತ್ತಾರೆ. ಈ ನಿಯಮ ಮೊದಲು ಕಟುವಾಗಿ ಕಂಡಿತ್ತು. ಹೆಸರಿಲ್ಲದ ಕಡೆ ಮೋಸವೂ ಸಲೀಸು ಅನ್ನುವುದನ್ನು ಅಡ್ಮಿನ್‌ಗಳು ಮೊದಲೇ ಯೋಚಿಸಿದ್ದರು.

ಅಲ್ಲಿ ಎಲ್ಲರೂ ಕನ್ನಡದಲ್ಲೇ ಬರೆಯುವುದು. ಕೆಲವರ ಮನೆಮಾತು ಬ್ಯಾರಿ, ಕೆಲವರದು ನವಾಯತಿ, ನನ್ನಂಥವರದು ದಖನಿ. ಬಡಗಣ ಜಿಲ್ಲೆಗಳ ಎಷ್ಟೋ ನದಾಫ ಮನೆಗಳವರಿಗೆ ಕನ್ನಡವೇ ಮನೆಮಾತು. ಎಲ್ಲರೂ ಕೂಡಿ ಅಳಬಹುದಾದ ಭಾಷೆ ಇದೊಂದೇ ಆಗಿತ್ತು.

ಒಂದು ರಾತ್ರಿಯ ಮಾತು ಹೇಳುತ್ತೇನೆ. ಬಾಗಿಲ ಹಿಂದಿನ ಮೊಳೆಗೆ ಯಜಮಾನರ ಅಂಗಿ ಹಾಗೇ ನೇತಾಡುತ್ತಿತ್ತು, ಕಾಲರಿನಲ್ಲಿ ಅತ್ತರಿನ ವಾಸನೆ ಇನ್ನೂ ಇತ್ತು. ಬಟ್ಟೆಯೆಲ್ಲ ಬಡವರಿಗೆ ಕೊಟ್ಟುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದರು. ಅಂಗಿ ಒಗೆಯಲು ಕೈ ಬರುತ್ತಿಲ್ಲ, ನನಗೆ ಹುಚ್ಚು ಹಿಡಿದಿದೆಯಾ ಅಂತ ಬರೆದೆ. ಜೀರಿಗೆ ಅವರು ಎಚ್ಚರ ಇದ್ದರು. "ಒಗೀಬೇಡಿ ಏಲಕ್ಕಿ. ಉಳಿದದ್ದು ಕೊಡಿ, ಅದೊಂದು ಇಟ್ಕೊಳ್ಳಿ. ನನ್ನ ಹತ್ರ ಇನ್ನೂ ಇದೆ" ಅಂತ ಉತ್ತರ ಬಂತು. ಅಷ್ಟೇ. ಅವತ್ತು ಬೆಳಗಿನ ಫಜ್ರ್ ನಮಾಜಿನವರೆಗೆ ನಿದ್ದೆ ಬಂತು.

ಇದೆಲ್ಲ ಹೊಸಕಾಲದ ಚಾಳಿ ಅನ್ನುವವರೂ ಇದ್ದಾರೆ. ಅವರಿಗಾಗಿ ಖರ್ಜೂರ ಅವರು ತಿಳಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಹಿಜರಿ 3ನೇ ವರ್ಷ, ಅಂದರೆ ಕ್ರಿ.ಶ. 625ರಲ್ಲಿ, ಉಹುದ್ ಯುದ್ಧದಲ್ಲಿ ಗಂಡಂದಿರನ್ನು ಕಳಕೊಂಡ ಹೆಂಗಸರು ಪ್ರವಾದಿಯವರ (ಸ) ಬಳಿ ಬಂದು, ರಾತ್ರಿ ಒಬ್ಬರೇ ಇರಲಾಗುತ್ತಿಲ್ಲ ಅಂದರಂತೆ. ನಿಮ್ಮಲ್ಲಿ ಒಬ್ಬರ ಮನೆಯಲ್ಲಿ ಸೇರಿ ಬೇಕಾದಷ್ಟು ಹೊತ್ತು ಮಾತಾಡಿ, ಮಲಗುವ ಹೊತ್ತಿಗೆ ಅವರವರ ಮನೆಗೆ ಹೋಗಿ ಅಂತ ಪ್ರವಾದಿಯವರು (ಸ) ಹೇಳಿದರು ಎಂದು ಮುಂದಿನ ತಲೆಮಾರಿನ ವಿದ್ವಾಂಸ ಮುಜಾಹಿದ್ ಅವರ ವರದಿಯಲ್ಲಿದೆ. ಇದನ್ನು ಓದಿದಾಗ ನನ್ನ ಎದೆ ತುಂಬಿ ಬಂತು. ಆ ವಿಧವೆಯರಿಗೆ ಬೇಕಾಗಿದ್ದದ್ದೂ ಇದೇ: ತಮ್ಮಂಥದ್ದೇ ನೋವು ಉಂಡವರ ಜೊತೆ ಮಾತು.

ಸಮಾಧಾನ ಹೇಳಿ ಸುಮ್ಮನಾದವರಲ್ಲ ಇವರು. ಇದ್ದತ್ 4 ತಿಂಗಳು 10 ದಿನ, ಹೊಸ್ತಿಲು ದಾಟುವಂತಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ವಿಧವೆ ಹಗಲು ಹೊರಗೆ ಹೋಗಬಹುದು, ರಾತ್ರಿ ಮನೆಯಲ್ಲಿರಬೇಕು ಅಂತ ಹನಫಿ ಪಂಥದ ಫಿಕ್ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಇದೆ ಎಂದು ತಿಳಿಸಿ, "ಇಲ್ಲಿ ಯಾರೂ ಫತ್ವಾ ಕೊಡಲ್ಲ, ನಿಮ್ಮೂರ ಮುಫ್ತಿ ಸಾಹೇಬರನ್ನು ಕೇಳಿ" ಅಂದರು. ಕೇಳಿದೆ, ಅವರೂ ಹೌದೆಂದರು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಿಧವಾ ವೇತನದ ಅರ್ಜಿ, ವಂಶವೃಕ್ಷ, ಯಾವುದು ಮೊದಲು ಯಾವುದು ಆಮೇಲೆ ಅಂತ ದಾರಿ ತೋರಿಸಿದರು. ಮೊದಲು ಸಾಲ ತೀರಬೇಕು, ಕೊಡದೆ ಉಳಿದ ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದದ್ದು) ಕೂಡ ಸಾಲವೇ, ಮಕ್ಕಳಿದ್ದರೆ ಉಳಿದ ಆಸ್ತಿಯಲ್ಲಿ ಹೆಂಡತಿಗೆ ಎಂಟರಲ್ಲಿ ಒಂದು ಪಾಲು ಅಂತ ಬಿಡಿಸಿ ಹೇಳಿದರು. ನನ್ನ ಮೆಹರ್ ಬಾಕಿ ಇತ್ತು. ಹಿರಿಯರ ಮುಂದೆ ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಈ ಅಕ್ಕಂದಿರಿಂದಲೇ ಬಂದದ್ದು.

ತಮ್ಮ ಕೈಲಿ ಆಗದ್ದು ಯಾವುದು ಅನ್ನುವುದೂ ಅವರಿಗೆ ಗೊತ್ತಿತ್ತು. ಒಬ್ಬ ತಂಗಿ ನಡುರಾತ್ರಿ "ನಾನೂ ಹೋಗಿಬಿಡ್ತೀನಿ" ಅಂತ ಬರೆದಾಗ ಯಾರೂ ಹರಾಮ್, ಗುನಾಹ್ ಅಂತ ಭಾಷಣ ಮಾಡಲಿಲ್ಲ. ಅಡ್ಮಿನ್ ಆಪಾ ನೇರವಾಗಿ ಅವಳ ಜೊತೆ ಮಾತಿಗಿಳಿದು, ಪಕ್ಕದಲ್ಲಿ ಮಲಗಿದ್ದ ಅಕ್ಕನನ್ನು ಎಬ್ಬಿಸು ಅಂದರು. ಅವಳಿಂದ 14416ಕ್ಕೆ ಫೋನ್ ಮಾಡಿಸಿದರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ತಂಗಿ ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ, ಗುಂಪಿನಲ್ಲೂ ಇದ್ದಾಳೆ, ಅಲ್‌ಹಮ್ದುಲಿಲ್ಲಾಹ್.

ವರ್ಷ ತುಂಬಿತು. ಹೊಲಿಗೆ ಅಂಗಡಿಯ ಬಾಗಿಲು ಮತ್ತೆ ತೆಗೆದಿದ್ದೇನೆ. ಈ ಸಲ ಬಕ್ರೀದಿಗೆ ನನ್ನ ಮಕ್ಕಳ ಬಟ್ಟೆಯ ಜೊತೆ ಗಲ್ಲಿಯ ಅರ್ಧ ಮಕ್ಕಳ ಬಟ್ಟೆ ನಾನೇ ಹೊಲಿದೆ.

ಜೀರಿಗೆ, ಖರ್ಜೂರ, ಅಡ್ಮಿನ್ ಆಪಾ, ಒಂದೇ ಒಂದು ಸಲ "ಎಚ್ಚರ ಇದ್ದೀರಾ" ಅಂತ ಕೇಳಿ ಮತ್ತೆ ಕಾಣಿಸದ ಅಕ್ಕ, ನಿಮಗೆಲ್ಲ ಜಝಾಕಲ್ಲಾಹ್ ಖೈರ್. ನನ್ನ ಗುಟ್ಟನ್ನು ಮುಚ್ಚಿ ಕಾಪಾಡಿದ ನಿಮ್ಮನ್ನು ಅಲ್ಲಾಹನು ಎರಡೂ ಲೋಕದಲ್ಲಿ ಕಾಪಾಡಲಿ. ರಾತ್ರಿ ಎಚ್ಚರ ಇರುವವರ ಸರದಿಯಲ್ಲಿ ಬುಧವಾರ ಖಾಲಿ ಇದೆ ಅಂತ ಆಪಾ ಹಾಕಿದ್ದರು. ಅದು ನನಗಿರಲಿ. ರಾತ್ರಿಯ ಇಶಾ ನಮಾಜ್ ಮುಗಿದ ಮೇಲೆ ಯಾವಾಗ ಬೇಕಾದರೂ ಬರೆಯಿರಿ.