ಜೋಳದ ಮೊಳಕೆಯ ಉಚ್ವಾಲಾ

ಎಶೋವೆ, ಕ್ವಾಝುಲು-ನಟಾಲ್, ದಕ್ಷಿಣ ಆಫ್ರಿಕಾ

ಅವ್ವನಿಗೆ ನಿನ್ನ ಮಗಳ ನಮಸ್ಕಾರ.

ಇಲ್ಲಿಯ ಝುಲು ಹೆಂಗಸರು ಮನೆಯಲ್ಲಿ ಬಿಯರ್ ಮಾಡುವ ಬಗೆ ಕೇಳಿದ್ದೆಯಲ್ಲ, ಬರೆಯುತ್ತಿದ್ದೇನೆ. ಅದರ ಹೆಸರು ಉಚ್ವಾಲಾ. ಕೆಂಪು ಜೋಳ, ಮೆಕ್ಕೆಜೋಳದ ಹಿಟ್ಟು, ನೀರು ಇದ್ದರಾಯಿತು. ಹದವೆಲ್ಲ ಮೊಳಕೆಯದು.

ನೆನೆಸಿದ ಜೋಳವನ್ನು ಬಸಿದು ಒದ್ದೆ ಗೋಣಿತಟ್ಟಿನಲ್ಲಿ ಮುಚ್ಚಿಡುತ್ತಾರೆ. ಆಗಾಗ ಕೈಯಾಡಿಸದಿದ್ದರೆ ರಾಶಿಯ ನಡುವೆ ಕಾವು ಏರಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಕಾಳು ತೊಳೆದರೂ ಬರುವುದಿಲ್ಲ, ಚೆಲ್ಲಲೇಬೇಕು. ಮೊಳಕೆ ಬಂದದ್ದನ್ನು ಬಿಸಿಲಿಗೆ ಗರಿಗರಿ ಒಣಗಿಸಿ ಬೀಸಿದ ಹಿಟ್ಟೇ ಉಮ್ಥೊಂಬೊ. ಹಸಿ ಮೊಳಕೆ ಮಾತ್ರ ಬಾಯಿಗೆ ಹಾಕಬೇಡ. ಎಳೆ ಜೋಳ ಮೇಯ್ದ ದನಕ್ಕೆ ಏರುವ ವಿಷವೇ ಅದರಲ್ಲೂ ಇದೆ.

ಮೆಕ್ಕೆಜೋಳದ ಹಿಟ್ಟು, ಉಮ್ಥೊಂಬೊ ಸಮಸಮ ಬೆರೆಸಿ, ಬೆಚ್ಚಗಿನ ನೀರಲ್ಲಿ ತೆಳ್ಳಗೆ ಕಲಸಿ ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ನಿನ್ನ ಅಂಬಲಿಯ ಹಾಗೆ ಹುಳಿ ವಾಸನೆ ಬರಬೇಕು. ಆ ಹುಳಿಯಿಂದಲೇ ಮುಂದೆ ಕೆಡುವುದು ತಪ್ಪುತ್ತದೆ. ಆಮೇಲೆ ತಳ ಹಿಡಿಯದಂತೆ ತಿರುವುತ್ತ ಗಂಜಿ ಕಾಯಿಸಬೇಕು. ಅರೆಬೆಂದರೆ ಪಿಷ್ಟ ಸಕ್ಕರೆಯಾಗದೆ ಉಳಿಯುತ್ತದೆ, ಅಮಲೂ ಬರುವುದಿಲ್ಲ.

ಹೊಸಬರ ಕೈ ತಪ್ಪುವುದು ಇದಾದ ಮೇಲೆ. ಕುದಿಯುವಾಗ ಮೊದಲ ಮೊಳಕೆಯ ಕಸುವೂ ಹುದುಗೂ ಸತ್ತಿರುತ್ತವೆ, ಹಾಗಾಗಿ ಒಣ ಉಮ್ಥೊಂಬೊ ಮತ್ತೊಮ್ಮೆ ಹಾಕಬೇಕು. ಅವಸರಪಟ್ಟು ಬಿಸಿ ಗಂಜಿಗೆ ಹಾಕಿದರೆ ಅದೂ ಸತ್ತಿತು. ಗಂಜಿ ಪೂರ್ತಿ ಆರುವ ತನಕ ಕಾದು, ಆಮೇಲೆ ಹಾಕಿ ಕಲಸಿ, ಕಂಬಳಿ ಹೊದಿಸಿ ಬೆಚ್ಚಗೆ ಇಡುತ್ತಾರೆ. ಹುದುಗು ಬರುವುದು ಆ ಹಿಟ್ಟಿನಿಂದಲೇ, ಬೇರೆ ಹಾಕುವುದಿಲ್ಲ. ಮರುದಿನ ಮುಚ್ಚಳ ಸರಿಸಿ ಉರಿಯುವ ಕಡ್ಡಿ ಹಿಡಿದರೆ ತಟ್ಟನೆ ಆರಬೇಕು. ಮೇಲೆ ಗಾಳಿಯಿಲ್ಲ, ಇಂಗಾಲದ ಡೈಆಕ್ಸೈಡ್ ತುಂಬಿದೆ ಎಂದರ್ಥ, ಹದ ಬಂತು. ಹುಲ್ಲಿನಿಂದ ಹೆಣೆದ ಇವೊವೊ ಎಂಬ ಉದ್ದನೆಯ ಸೋಸುವ ಚೀಲದಲ್ಲಿ ಹಾಕಿ, ಬಟ್ಟೆ ಹಿಂಡುವಂತೆ ತಿರುಚಿ ಸೋಸುತ್ತಾರೆ. ಚರಟ ಕೋಳಿಗೆ.

ಕುಡಿಯುವುದು ಉಖಾಂಬಾ ಎಂಬ ಕಪ್ಪು ಮಣ್ಣಿನ ಗಡಿಗೆಯಲ್ಲಿ. ಮಾಡಿದವಳೇ ಮೊದಲ ಗುಟುಕು ಕುಡಿದು ಕೊಡಬೇಕು. ಗುಡಿಸಲಿನ ಒಳಗೆ ಹಿಂಬದಿಯ ಉಮ್ಸಾಮೊ ಎಂಬ ಪವಿತ್ರ ಜಾಗದಲ್ಲಿ ತೀರಿಹೋದ ಹಿರಿಯರಿಗೂ ಇಡುತ್ತಾರೆ.

ಇಂಥ ಕಸುಬನ್ನು ಡರ್ಬನ್ ನಗರಸಭೆ 1909ರಿಂದ ತನ್ನ ಗುತ್ತಿಗೆ ಮಾಡಿಕೊಂಡು, ಹೆಂಗಸರು ಮಾಡಿ ಮಾರುವುದನ್ನು ಅಪರಾಧವಾಗಿಸಿತು. 1959ರಲ್ಲಿ ಅಲ್ಲಿಯ ಕೇಟೊ ಮ್ಯಾನರ್ ಬಡಾವಣೆಯ ಹೆಂಗಸರು ನಗರಸಭೆಯ ಬಿಯರ್ ಅಂಗಡಿಗೇ ನುಗ್ಗಿದರು. ಅವರ ಸಿಟ್ಟು ನ್ಯಾಯವಾದದ್ದು ಅವ್ವ, ಮನೆಯ ಸಂಪಾದನೆ ಅದರಲ್ಲಿತ್ತು.

ಸೋಸಿದ ಮೇಲೂ ಹುದುಗುತ್ತಲೇ ಇರುತ್ತದೆ. ಬಾಟಲಿಗೆ ತುಂಬಿ ಬಿಗಿದರೆ ಒಡೆಯುತ್ತದೆ, ಎರಡು-ಮೂರು ದಿನ ಮೀರಿದರೆ ಹುಳಿಯೇರಿ ಕುಡಿಯಲಾಗುವುದಿಲ್ಲ.

ನಿನ್ನ ಮಗಳು